ನುಂಗದ ಪಿಸ್ತೂಲು

ನಮ್ಮ ಭಾವ ಮೂವತ್ತೆಂಟು ವರ್ಷ ಬಂದೂಕು ರಿಪೇರಿ ಮಾಡಿದ ಮನುಷ್ಯ. ಅಕ್ಕನ ಗಂಡ ಅಂತ ಹೊಗಳುತ್ತಿಲ್ಲ, ಹೊಗಳುವ ಜಾಯಮಾನವೇ ನನ್ನದಲ್ಲ; ಅವರ ಅಂಗಡಿಯಲ್ಲಿ ಕೈಯಾಳಾಗಿದ್ದ ನನಗೆ ಬರುತ್ತಿದ್ದದ್ದು ಬೈಯುವುದೊಂದೇ. ಪಿಸ್ತೂಲಿನ ಕಾಯಿಲೆಗೆ ಅವರದು ಎರಡೇ ಮಾತು. ತೋಟಾ ನಳಿಗೆಗೆ ಏರದಿದ್ದರೆ "ನುಂಗ್ತಿಲ್ಲ", ಖಾಲಿ ತೋಟಾ ಹೊರಗೆ ಹಾರದಿದ್ದರೆ "ಉಗುಳ್ತಿಲ್ಲ".

ಆ ವರ್ಷ ಅಂಗಡಿಯ ಲೈಸೆನ್ಸ್ ಮುಗಿಯುತ್ತಿತ್ತು. ಭಾವನ ಎಡಗಣ್ಣು ಹೋಗಿ, ಬಲಗಣ್ಣೂ ಮಂಜಾಗಿತ್ತು. ಈ ಕಣ್ಣಲ್ಲಿ ಕೆಲಸ ಆಗುತ್ತದೋ ನೋಡೋಣ ಎಂದು ಲೈಸೆನ್ಸ್ ಅಧಿಕಾರಿ ಸರ್ಕಾರಿ ಉಗ್ರಾಣದಿಂದ ಎಂಬತ್ತು ವರ್ಷದ ಕೆಟ್ಟ ಪಿಸ್ತೂಲೊಂದನ್ನು ರಿಪೇರಿಗೆ ಕಳಿಸಿದ. ಗುರುವಾರ ಏಳು ಗುಂಡು ತಡೆಯಿಲ್ಲದೆ ಹಾರಿದರೆ ಸಹಿ, ಇಲ್ಲದಿದ್ದರೆ ಬೀಗ.

ಸೋಮವಾರ ಬಿಚ್ಚಿದೆವು. ಒಳಗೆ ಎಣ್ಣೆ ಗೋಂದಾಗಿತ್ತು, ತೊಳೆದೆವು. ಖಾಲಿ ತೋಟಾ ಹಿಡಿದೆಳೆಯುವ ಕೊಕ್ಕೆ ಸವೆದಿತ್ತು. ಭಾವ ಹೊಸದನ್ನು ತೀಡಿ ಕೂರಿಸಿದರು. ಉಗುಳತೊಡಗಿತು. ನುಂಗುವುದು ಮಾತ್ರ ಆಗಲಿಲ್ಲ. ಮೂರನೇ ತೋಟಾ ಮೂತಿ ಕೆಳಗೆ ಹಾಕಿ ಸಿಕ್ಕಿಕೊಳ್ಳುತ್ತಿತ್ತು.

ಮಂಗಳವಾರ ನನ್ನ ಪಿತ್ತ ನೆತ್ತಿಗೇರಿತು. ಭಾವ ಹೊರಗೆ ಕೈ ತೊಳೆಯುತ್ತಿದ್ದಾಗ, ತೋಟಾ ತುಂಬುವ ಡಬ್ಬಿ ಮ್ಯಾಗಜೀನನ್ನು ಕಿತ್ತು ಗೋಡೆಗೆ ಬೀಸಿದೆ. ಎತ್ತಿ, ಒರೆಸಿ, ಇದ್ದಲ್ಲೇ ಇಟ್ಟೆ.

ಬುಧವಾರ ಭಾವ, ಹಳೆಯ ಸ್ಪ್ರಿಂಗ್ ಸೋತಿದೆ ಎಂದು ಮ್ಯಾಗಜೀನಿಗೆ ಹೊಸದು ಹಾಕಿದರು. ಆದರೂ ಸಿಕ್ಕಿಕೊಂಡಿತು.

"ಮ್ಯಾಗಜೀನಿನ ತುಟಿ ನೋಡೋ. ನನಗೆ ಅಷ್ಟು ಸಣ್ಣದು ಕಾಣಲ್ಲ. ನೆಟ್ಟಗಿದೆಯಾ?"

ತೋಟಾವನ್ನು ಹಿಡಿದಿಡುವ ಎರಡು ತುಟಿಗಳಲ್ಲಿ ಒಂದು, ನಾನು ಗೋಡೆಗೆ ಬೀಸಿದ ಏಟಿಗೆ, ಕೂದಲೆಳೆಯಷ್ಟು ಹೊರಕ್ಕೆ ಬಾಗಿತ್ತು.

"ನೆಟ್ಟಗಿದೆ ಭಾವ."

ಬೈಯುವವನಿಗೆ ಬೈಸಿಕೊಳ್ಳುವುದು ಬರುವುದಿಲ್ಲ. ಅವರು ಊಟಕ್ಕೆ ಎದ್ದಾಗ ಇಕ್ಕಳದಲ್ಲಿ ಒತ್ತಿಬಿಡೋಣ ಅಂದುಕೊಂಡಿದ್ದೆ. ಅವರು ಏಳಲೇ ಇಲ್ಲ.

"ಹಾಗಾದ್ರೆ ಇಳಿಜಾರಿನದೇ ತಪ್ಪು" ಎಂದು, ತೋಟಾ ನಳಿಗೆಗೆ ಹತ್ತುವ ಆ ಹಾದಿಯನ್ನು ಅರದಿಂದ ಉಜ್ಜತೊಡಗಿದರು. ಉಜ್ಜಿದ ಉಕ್ಕು ಮತ್ತೆ ಬೆಳೆಯುವುದಿಲ್ಲ.

"ಸಾಕು ಭಾವ."

"ಸುಮ್ನಿರೋ. ತುಟಿ ನೆಟ್ಟಗಿದೆ ಅಂದವನು ನೀನೇ ತಾನೆ?"

ಅಕ್ಕ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಳು. "ಆ ಕಬ್ಬಿಣ ನುಂಗದಿದ್ರೆ ನೀವೂ ನುಂಗಬಾರದಾ?"

ಇಬ್ಬರೂ ನಗಲಿಲ್ಲ. ಸಂಜೆ ಭಾವ ಅರ ಕೆಳಗಿಟ್ಟು ಮ್ಯಾಗಜೀನು ಎತ್ತಿಕೊಂಡರು. ಜಡ್ಡುಗಟ್ಟಿದ ಬೆರಳಿಗೆ ತಿಳಿಯದ್ದನ್ನು ತಿಳಿಯಲು ಅದನ್ನು ತಮ್ಮ ತುಟಿಗೇ ಒತ್ತಿ ಸವರಿದರು.

"ಇದು ಬಿದ್ದಿದೆ."

"ಬಿದ್ದಿಲ್ಲ. ನಾನೇ ಎಸೆದೆ."

ಅವರು ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದೆ. ಹೆಬ್ಬೆರಳಿನ ಉಗುರಿನಿಂದ ಇಳಿಜಾರನ್ನು ಕೆರೆದು ನೋಡಿದರು. "ಅತಿಯಾಗಿ ಉಜ್ಜಿಬಿಟ್ಟೆ. ತೋಟಾ ಕೆಳಗೆ ಆಸರೆ ಇಲ್ಲ. ಸಿಡಿದ್ರೆ ಹಿಡಿದವನ ಕೈಗೇ ಬರುತ್ತೆ."

"ತುಟಿ ಒತ್ತಿದ್ರೆ ನಾಳೆ ಏಳೂ ಹಾರಬಹುದಲ್ಲ ಭಾವ?"

"ಹಾರಬಹುದು. ಎಂಟನೇದು ಯಾರ ಕೈಲಿ?"

ಗುರುವಾರ ಅಧಿಕಾರಿ ಏಳು ತೋಟಾ ತಂದ. ಭಾವ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಮುಂದಿಟ್ಟರು. "ಹಾರಿಸಬೇಡಿ ಸಾರ್. ಇದನ್ನ ನಾನು ಕೆಡಿಸಿದ್ದೀನಿ."

ನಾನು ಪಕ್ಕದಲ್ಲೇ ಇದ್ದೆ. ಬೀದಿಗೆಲ್ಲ ಕೇಳುವಂತೆ ಬೈಯುವ ನನ್ನ ಬಾಯಿ ಆವತ್ತು ತೆರೆಯಲಿಲ್ಲ.

ಅಧಿಕಾರಿ ಅಂಗಡಿಗೆ ಬೀಗ ಹಾಕಲು ಹೇಳಿದ. ಭಾವ ಬೀಗದ ಕಿಂಡಿಗಾಗಿ ಎರಡು ಸಲ ತಡಕಾಡಿ, ಬೀಗದಕೈಯನ್ನು ನನ್ನ ಕಡೆ ಚಾಚಿದರು. ನಾನೇ ಹಾಕಿದೆ.