ಹೆಬ್ಬೆರಳಲ್ಲಿ ಹಿಡಿದ ನಾಡಿ

ಫುಸ್, ಫುಸ್, ಫುಸ್ ಎಂದು ರಬ್ಬರ್ ಬಲ್ಬ್ ಒತ್ತುವ ಸದ್ದು. ಆಮೇಲೆ ಗಾಳಿ ಸುಯ್ಯೆಂದು ಇಳಿಯುವಾಗ ಕೋಣೆಯಲ್ಲಿದ್ದ ನಾವು ಐದು ಜನ ಹೆಂಗಸರೂ ಮಾತು ನಿಲ್ಲಿಸಿಬಿಡುತ್ತಿದ್ದೆವು. ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ರಿಟೈರ್ ಆದ ನರ್ಸ್ ಒಬ್ಬರಿದ್ದರು. ಪ್ರತಿ ಬುಧವಾರ ಮಧ್ಯಾಹ್ನ ನಮಗೆ ಬಿಪಿ, ನಾಡಿ, ಉಸಿರು ನೋಡುವುದನ್ನು ಕಲಿಸುತ್ತಿದ್ದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಹಾರ್ಟಿನ ಡಯಾಗ್ರಮ್ಮಿಗೆ ಕೆಂಪು, ನೀಲಿ ಪೆನ್ಸಿಲ್ ತೀಡಿ ‘ನೀಟ್ ವರ್ಕ್’ ಅನ್ನಿಸಿಕೊಂಡವಳು. ವಾಲ್ವುಗಳ ಹೆಸರುಗಳು ಈಗಲೂ ಬಾಯಿಗೆ ಬರುತ್ತವೆ. ಆದರೆ ಎಪ್ಪತ್ತು ದಾಟುವವರೆಗೆ ಇನ್ನೊಬ್ಬರ ಮಣಿಕಟ್ಟು ಹಿಡಿದು ನೋಡಿದವಳಲ್ಲ. ನರ್ಸಮ್ಮ ಸರ್ಕಾರಿ ಶಾಲೆಯಲ್ಲಿ ಓದಿದವರು, ರೇಷ್ಮೆಹುಳು ಸಾಕಿ ಗೂಡು ಬಿಚ್ಚುವ ಮನೆಯಲ್ಲಿ ಬೆಳೆದವರು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ರೇಷ್ಮೆ ಎಳೆಯ ತುದಿ ಹುಡುಕಿ ಹುಡುಕಿ ಅವರ ಬೆರಳುಗಳಿಗೆ ಒಂದು ಹದ ಬಂದಿತ್ತು. “ಒತ್ತಬಾರ್ದು ಕಣಕ್ಕಾ. ಬೆರಳು ಸುಮ್ನೆ ಇಟ್ಕೊಂಡಿದ್ರೆ ಅದೇ ಬಂದು ಸಿಕ್ಕುತ್ತೆ,” ಅನ್ನುವರು. ಉಸಿರು ಎಣಿಸುತ್ತೇವೆಂದು ಹೇಳಿದರೆ ಸಾಕು, ಜನ ಬೇರೆ ಥರ ಉಸಿರಾಡುತ್ತಾರಂತೆ. ಅದಕ್ಕೇ ನಾಡಿ ಹಿಡಿದವರ ಹಾಗೆ ಕೂತು, ಕಳ್ಳಗಣ್ಣಿನಲ್ಲಿ ಎದೆ ಏರಿಳಿಯುವುದನ್ನು ಎಣಿಸಬೇಕು. ಇಷ್ಟು ಕ್ಲೆವರ್ ಆದ ಪಾಠ ನನ್ನ ಸ್ಕೂಲಿನಲ್ಲಿ ಒಂದೂ ಇರಲಿಲ್ಲ.

ಮನೆಯವರೊಬ್ಬರ ನಾಡಿ ವಾರಕ್ಕೊಮ್ಮೆ ನೋಡಿ ಬರೆಯುವುದು ಹೋಂವರ್ಕ್. ನಾನು ನನ್ನ ಓರಗಿತ್ತಿಯನ್ನು ಆರಿಸಿಕೊಂಡೆ. ಮೈದುನ ಹೋದ ಮೇಲೂ ಚಿಂತಾಮಣಿ ರಸ್ತೆಯ ಹಳ್ಳಿಯಲ್ಲಿ ಹುಳು ಸಾಕುವುದನ್ನು ಬಿಡದ ಗಟ್ಟಿಗಿತ್ತಿ. ಕೆಲವು ದಿನದಿಂದ ಸುಸ್ತು, ಎದೆ ಡವಡವ ಅನ್ನುತ್ತೆ ಎಂದಿದ್ದಳು. ಮೂರು ವಾರ ಹಿಡಿದು ನೋಡಿದೆ. ಎಪ್ಪತ್ತೆರಡು, ಎಪ್ಪತ್ನಾಲ್ಕು, ಗಡಿಯಾರದಷ್ಟು ರೆಗ್ಯುಲರ್. ಎಲ್ಲಾ ನಾರ್ಮಲ್ ಕಣೇ ಎಂದೆ. ಡಾಕ್ಟರ ಹತ್ತಿರ ಹೋಗಬೇಕೆಂದಿದ್ದವಳು ನನ್ನ ಮಾತು ನಂಬಿ ಬಿಟ್ಟುಬಿಟ್ಟಳು.

ನನ್ನ ನೋಟ್‌ಬುಕ್ ನೋಡಿದ ನರ್ಸಮ್ಮ, ಇಷ್ಟು ಸುಸ್ತಿರುವವರಿಗೆ ಇಷ್ಟು ಚೆಂದದ ನಾಡಿಯೇ ಎಂದು ಅನುಮಾನಪಟ್ಟು, ಹೇಗೆ ಹಿಡಿದಿರಿ ತೋರಿಸಿ ಎಂದರು. ನನ್ನ ಹೆಬ್ಬೆರಳು ಅವರ ಮಣಿಕಟ್ಟಿನ ಮೇಲೆ ಕೂತಿತು. ಹೆಬ್ಬೆರಳಿಗೆ ಅದರದೇ ನಾಡಿ ಜೋರಾಗಿರುತ್ತದೆ ಎಂದು ಅವರು ವಿವರಿಸಿದರು. ಮೂರು ವಾರವೂ ನಾನು ಎಣಿಸಿದ್ದು ನನ್ನ ಹಾರ್ಟನ್ನೇ. ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಆಟೋ ಕರೆಯಿರಿ ಎಂದರು.

ಓರಗಿತ್ತಿಯ ಮನೆಯಲ್ಲಿ ಹುಳುಗಳು ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು, ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುವ ಭರ. ಆ ಹೊತ್ತಿನಲ್ಲಿ ಹೊರಗಿನವರು ಹುಳುಮನೆಗೆ ಕಾಲಿಡುವಂತಿಲ್ಲ, ಡೆಟಾಲಿನ ವಾಸನೆಯಂತೂ ಕೂಡದು. ಯಾರೂ ಹೇಳದೆಯೇ ನರ್ಸಮ್ಮ ಹೊಸ್ತಿಲಾಚೆ ನಿಂತರು. ಓರಗಿತ್ತಿ ಒಳಗಿನಿಂದಲೇ ಕೈ ಚಾಚಿದಳು. ಎರಡು ಬೆರಳು, ಪೂರ್ತಿ ಒಂದು ನಿಮಿಷ. ಆಮೇಲೆ ನನ್ನ ಬೆರಳನ್ನೂ ಅಲ್ಲಿಟ್ಟರು. ಒಂದು ಬಡಿತ ಬಂತು. ಎರಡು ಒಟ್ಟಿಗೆ ಓಡಿ ಬಂದವು. ಆಮೇಲೆ ಎಷ್ಟು ಕಾದರೂ ಇಲ್ಲ, ಮತ್ತೆ ಗಡಿಬಿಡಿ.

ಇವತ್ತೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಇಸಿಜಿ ಮಾಡಿಸಬೇಕು ಎಂದರು ನರ್ಸಮ್ಮ.

“ಹುಳ ಬಿಟ್ಟು ಎಲ್ಲಿಗೆ ಬರ್ಲಿ? ಹಣ್ಣಾಗಿ ಗೂಡು ಕಟ್ಲಿ, ಆಮೇಲೆ ಬರ್ತೀನಿ. ಅಕ್ಕನೇ ನಾರ್ಮಲ್ ಅಂದಿದ್ದಾರಲ್ಲ,” ಎಂದಳು ಓರಗಿತ್ತಿ.

ನರ್ಸಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ನಾಡಿ ದಿನಾ ಒಂದೇ ಥರ ಇರಲ್ಲಮ್ಮ. ನಿಮ್ಮದೊಂದು ಸೀರೆ ಕೊಡಿ. ಸ್ನಾನ ಮಾಡಿ ಒಳಗೆ ಹೋಗಿ ಸೊಪ್ಪು ನಾನು ಹಾಕ್ತೀನಿ. ನೀವು ಹೊರಡಿ.”

“ಇದು ಇಂಜೆಕ್ಷನ್ ಕೊಟ್ಟಂಗಲ್ಲ. ಬರುತ್ತಾ ನಿಮಗೆ?”

“ಬಂದ್ಮೇಲೆ ಹುಳಾನೇ ಕೇಳಿ.”

ಗ್ರಾಫ್ ನೋಡಿದ ಡಾಕ್ಟರು ಅಲ್ಲೇ ಅಡ್ಮಿಟ್ ಮಾಡಿಕೊಂಡರು. ಹಾರ್ಟಿನಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಅಪಾಯವಿತ್ತಂತೆ, ಸದ್ಯ ಬಂದಿರಿ ಎಂದರು. ಆ ಸಂಜೆ ವಾರ್ಡಿನಲ್ಲಿ ನನ್ನ ಹೆಬ್ಬೆರಳಿನ ಕತೆಯನ್ನು ನಾನೇ ಅವಳಿಗೆ ಹೇಳಿದೆ.

“ಹೋಗ್ಲಿ ಬಿಡಕ್ಕ,” ಎಂದಳು. “ನಿಮ್ಮದಾದ್ರೂ ನೆಟ್ಟಗಿದೆ ಅಂತ ಗೊತ್ತಾಯ್ತಲ್ಲ.”

ಮೂರನೆಯ ದಿನ ಊರಿಗೆ ಬಂದವಳು ಮೊದಲು ನೋಡಿದ್ದು ಹುಳುವಿನ ತಟ್ಟೆಗಳನ್ನು. ಒಂದೊಂದನ್ನೂ ಬಗ್ಗಿ ನೋಡಿ, ಪರವಾಗಿಲ್ಲ ಎಂದಳು. ಅವಳ ಬಾಯಲ್ಲಿ ಅದು ಗೋಲ್ಡ್ ಮೆಡಲ್. ಮೂರು ದಿನ ಹೊತ್ತುಹೊತ್ತಿಗೆ ಸೊಪ್ಪು ಹಾಕಿ ಕಣ್ಣು ಕೆಂಪಾಗಿದ್ದ ನರ್ಸಮ್ಮ, ಸೀರೆ ಒಗೆದು ಮಡಿಸಿಟ್ಟು ಮನೆಗೆ ಹೋದರು.

ಮರುವರ್ಷ ಅವರು ಗೌರಿಬಿದನೂರಿಗೆ, ತಂಗಿಯ ಮನೆಗೆ ಹೋಗಿ ನೆಲೆಸಿದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಉಪ್ಪುಖಾರ ಹಚ್ಚಿದ ಸೀಬೇಹಣ್ಣು ತಿನ್ನುತ್ತಾ ನಿಂತಿದ್ದರು. ಅವತ್ತು ಹೊಸ್ತಿಲಲ್ಲಿ ನನ್ನ ಮಾನ ಉಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳಬೇಕೆಂದು ಎಷ್ಟೋ ದಿನದಿಂದ ವಾಕ್ಯ ಜೋಡಿಸಿಟ್ಟಿದ್ದೆ. ಶುರು ಮಾಡುವಷ್ಟರಲ್ಲಿ ಅವರೇ ಕೇಳಿದರು: “ಮಾತ್ರೆ ತಪ್ಪಿಸ್ತಿಲ್ಲ ತಾನೆ ನಿಮ್ಮ ಓರಗಿತ್ತಿ?”

ಒಂದು ದಿನವೂ ಇಲ್ಲ ಎಂದೆ. ತಲೆಯಾಡಿಸಿ, ಉಳಿದ ಅರ್ಧ ಹಣ್ಣನ್ನು ನನ್ನ ಕೈಗಿಟ್ಟು ಬಸ್ ಹತ್ತಿದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕಕ್ಕೆ ಬಂದ ಹೆಂಗಸಿಗೆ ಜಾಗ ಮಾಡಿಕೊಡುತ್ತಿದ್ದರು.