ಸುಗುಣಾ ಮೇಡಂ ಬರೆದ ಅರ್ಧ ಡ್ರೈವರ್

ಸುಗುಣಾ ಮೇಡಂ ಬೆಳಿಗ್ಗೆ ಹನ್ನೊಂದಕ್ಕೇ ಊಟ ಮುಗಿಸಿಬಿಡುತ್ತಿದ್ದರು. ಹಸಿವಿನಿಂದಲ್ಲ, ಅವರಿಗೆ ಸ್ಟೀಲಿನ ಡಬ್ಬಿ ಖಾಲಿ ಬೇಕಿತ್ತು. ಅದನ್ನು ತೊಳೆದು, ಸೆರಗಿನಿಂದ ಒರೆಸಿ, ಮೇಜಿನ ಮೇಲಿದ್ದ ಬೆರಳುದ್ದದ ರೇಡಿಯೋ ಆಂಟೆನಾ ಮೇಲೆ ಬೋರಲು ಹಾಕುತ್ತಿದ್ದರು. ಆಗ ಪಕ್ಕದ ಕೋಣೆಯ ಕಂಪ್ಯೂಟರ್ ಕಳಿಸಿದ ಸಂದೇಶ ಅರೆಬರೆಯಾಗಿ ಬಂದು ಮುಟ್ಟುತ್ತಿತ್ತು. ಅರೆಬರೆ ಮುಟ್ಟಿದಾಗ ತಾವು ಬರೆದ ಪ್ರೋಗ್ರಾಮು ಏನು ಮಾಡುತ್ತದೆ ಎಂದು ಅವರು ನೋಡಬೇಕಿತ್ತು. "ಎಲ್ಲಾ ಸರಿಯಾಗಿ ಕೇಳಿಸ್ತಿದ್ರೆ ಯಾರ್ ಬೇಕಾದ್ರೂ ಉತ್ತರ ಕೊಡ್ತಾರೆ ಕಣೇ. ಕೇಳಿಸ್ದೇ ಇದ್ದಾಗ ಇದು ಸುಮ್ನೆ ಕೂರುತ್ತೋ, ಇನ್ನೊಂದ್ಸಲ ಕೇಳುತ್ತೋ, ಅದನ್ನ ನೋಡ್ಬೇಕು" ಎನ್ನುತ್ತಿದ್ದರು. ಆ ಆಂಟೆನಾಕ್ಕೆ ಹುಳಿಯನ್ನದ ವಾಸನೆ ಅಂಟಿಕೊಂಡಿತ್ತು.

ತೊಂಬತ್ತರ ದಶಕದ ಆರಂಭ. ವಿಕ್ರೋಳಿಯಲ್ಲಿ ಅಳತೆಯ ಉಪಕರಣಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಅವರು ಮೈಸೂರಿನವರು, ನಲವತ್ತೈದು ದಾಟಿದವರು, ಮದುವೆಯಾಗಿರಲಿಲ್ಲ. ಚೆಂಬೂರಿನ ಕಾಲನಿಯೊಂದರಲ್ಲಿ ತಂಗಿಯ ಜೊತೆ ಇದ್ದರು. ನಾನು ಹುಬ್ಬಳ್ಳಿ ಕಡೆಯವಳು, ಮದುವೆಯಾಗಿ ಸಯನ್‌ಗೆ ಬಂದವಳು. ಸಂಜೆ ಇಬ್ಬರೂ ಒಂದೇ ಲೋಕಲ್ ರೈಲು ಹತ್ತುತ್ತಿದ್ದೆವು. ಕುರ್ಲಾದಲ್ಲಿ ಅವರು ಇಳಿದು ಗಾಡಿ ಬದಲಿಸುತ್ತಿದ್ದರು. ಅಲ್ಲಿಯವರೆಗೆ ಲೇಡೀಸ್ ಡಬ್ಬಿಯ ನೂಕಾಟದಲ್ಲೇ ಅವರ ಪಾಠ ನಡೆಯುತ್ತಿತ್ತು.

ನಮ್ಮ ಕಾರ್ಖಾನೆಗೆ ಎರಡು ಕಟ್ಟಡ, ನಡುವೆ ಒಂದು ದೊಡ್ಡ ನಾಲಾ, ಕೊಳೆನೀರಿನ ಕಾಲುವೆ. ಅದರ ಮೇಲೆ ಕೇಬಲ್ ಎಳೆಯಲು ಅನುಮತಿ ಸಿಗಲಿಲ್ಲ. ಕೊನೆಗೆ ಗಾಳಿಯಲ್ಲೇ ಮಾಹಿತಿ ಕಳಿಸುವ ಎರಡು ರೇಡಿಯೋ ಕಾರ್ಡುಗಳನ್ನು, ಬೇಕಾದ ಪರವಾನಗಿ ಪಡೆದು, ಹೊರದೇಶದಿಂದ ತರಿಸಿದರು. ಆದರೆ ನಮ್ಮ ಯಂತ್ರಗಳಲ್ಲಿದ್ದದ್ದು ಕಾರ್ಡಿನವರು ಎಣಿಸಿರದ ಬೇರೆ ಆಪರೇಟಿಂಗ್ ಸಿಸ್ಟಮ್. ಯಾರು ಬೇಕಾದರೂ ಬಳಸಿ, ಒಳಗಿನ ಬರಹವನ್ನೆಲ್ಲ ಓದಿ ತಿದ್ದಬಹುದಾದಂಥದ್ದು. ಪರಿಚಿತ ಪ್ರೊಫೆಸರೊಬ್ಬರಿಂದ ಮೇಡಂ ಅದನ್ನು ಒಂದು ಕಟ್ಟು ಫ್ಲಾಪಿಗಳಲ್ಲಿ ತಂದಿದ್ದರು. ಕಾರ್ಡಿನ ಮಾತು ಅದಕ್ಕೆ ತಿಳಿಯಬೇಕಾದರೆ ಡ್ರೈವರ್ ಎಂಬ ಪ್ರೋಗ್ರಾಮು ಬೇಕು. ಅದು ಇರಲಿಲ್ಲ. ಕಾರ್ಡಿನ ಒಳಗುಟ್ಟು ತಿಳಿಸಿ ಎಂದು ತಯಾರಕರಿಗೆ ಬರೆದರೆ, ಕೊಡುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು.

ಮೇಡಂ ಕಾರ್ಡನ್ನೇ ಕೇಳಲು ಕೂತರು. ಅದರೊಳಗಿನ ಒಂದೊಂದು ಗುಂಡಿಯನ್ನೂ ಒತ್ತಿ ನೋಡಿದ ಹಾಗೆ, ಒಂದು ಅಂಕಿ ಬದಲಿಸುವುದು, ಏನಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಮತ್ತೆ ಮುಂದಿನ ಅಂಕಿ. ದಿನಕ್ಕೆ ಹತ್ತು ಹನ್ನೆರಡು ಸಲ ಯಂತ್ರ ಮರಗಟ್ಟಿ ನಿಲ್ಲುತ್ತಿತ್ತು. ಒಮ್ಮೆಯೂ ಅವರು ಮೇಜು ಗುದ್ದಿದ್ದನ್ನು ನಾನು ಕಾಣೆ. "ಹೋಯ್ತು" ಎಂದು ಮೆಲ್ಲಗೆ ಹೇಳಿ, ಸಮಯ ಬರೆದುಕೊಂಡು, ಮತ್ತೆ ಚಾಲೂ ಮಾಡುತ್ತಿದ್ದರು. ನಾನು ಬೇಸತ್ತು "ಇದು ಆಗೂದಲ್ಲ ಬಿಡ್ರಿ ಮೇಡಂ" ಎಂದರೆ, "ಆಗಲ್ಲ ಅಂತ ಬರೀಬೇಕಾದ್ರೂ ಮಾಡಿ ನೋಡಿರ್ಬೇಕಲ್ವೇನೇ" ಎನ್ನುತ್ತಿದ್ದರು.

ನಾಲ್ಕು ತಿಂಗಳಾದರೂ ಕಾರ್ಡು ಬಾಯಿ ಬಿಡಲಿಲ್ಲ. ಆಗ ಪ್ರೊಫೆಸರು ಒಂದು ವಿಳಾಸ ಕೊಟ್ಟರು. ಜರ್ಮನಿಯಲ್ಲಿ ಹೆಲ್ಮುಟ್ ಎಂಬ ವಿದ್ಯಾರ್ಥಿ ಇದೇ ಕಾರ್ಡಿನ ಜೊತೆ ಗುದ್ದಾಡುತ್ತಿದ್ದ. ಮೇಡಂ ಪತ್ರ ಬರೆದರು. ಅವನು ತಾನು ಕಂಡುಕೊಂಡದ್ದನ್ನೆಲ್ಲ ಹದಿನಾಲ್ಕು ಹಾಳೆಗಳಲ್ಲಿ ಕೈಯಾರೆ ಬರೆದು ಕಳಿಸಿದ. ಬಂದ ಸಂದೇಶವನ್ನು ಕಾರ್ಡಿನಿಂದ ಎತ್ತಿಕೊಳ್ಳುವುದು ಅವನಿಗೆ ತಿಳಿದಿತ್ತು, ಕಳಿಸುವುದು ತಿಳಿದಿರಲಿಲ್ಲ. ಉಳಿದದ್ದನ್ನು ನೀವು ಕಂಡುಹಿಡಿದರೆ ದಯವಿಟ್ಟು ನನಗೂ ಕಳಿಸಿ, ಎಲ್ಲರಿಗೂ ಹಂಚೋಣ ಎಂದು ಕೇಳಿಕೊಂಡಿದ್ದ. ಖಂಡಿತ ಕಳಿಸುತ್ತೇನೆಂದು ಮೇಡಂ ಮಾತು ಕೊಟ್ಟರು.

ಇನ್ನೂ ಮೂರು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ನಾನು ನಾಲಾದ ಆಚೆಯ ಕಟ್ಟಡದಲ್ಲಿ ಫೋನು ಕಿವಿಗಿಟ್ಟುಕೊಂಡು ಪರದೆ ನೋಡುತ್ತಿದ್ದೆ.

"ಬಂತಾ?"

"ಇಲ್ರಿ."

"ಈಗ?"

ಇಂಗ್ಲಿಷ್ ಅಕ್ಷರಗಳಲ್ಲಿ ‘ನಾನು ಸುಗುಣಾ’ ಎಂದು ಮೂಡಿತು. ನಾನು ಕಿರುಚಿದೆ. ಅವರು ಫೋನು ಹಾಗೇ ಬಿಟ್ಟು, ಬಿಸಿಲಿನಲ್ಲಿ ಸೇತುವೆ ದಾಟಿ ಓಡಿಬಂದರು. ಪರದೆಯ ಮುಂದೆ ಕೂತು ಬಹಳ ಹೊತ್ತು ನೋಡಿದರು. "ಹೆಲ್ಮುಟ್‌ಗೆ ಹೇಳ್ಬೇಕು" ಎಂದರು. ಅಷ್ಟೇ.

ಹೇಳುವುದಕ್ಕೆ ಜನರಲ್ ಮ್ಯಾನೇಜರ್ ಬಿಡಲಿಲ್ಲ. ಆಮೇಲಿನ ವಾರಗಳಲ್ಲಿ ಡಬ್ಬಿಯ ಪರೀಕ್ಷೆಯಲ್ಲೂ ಗೆದ್ದ ಡ್ರೈವರನ್ನು ಬೇರೆ ಕಂಪನಿಗಳಿಗೆ ಮಾರಬಹುದೆಂಬ ಯೋಚನೆ ಅವರಿಗೆ ಬಂದಿತ್ತು. "ಕಂಪನಿ ಕೇ ಟೈಮ್ ಮೇ ಲಿಖಾ ಹೈ, ಕಂಪನಿ ಕಾ ಹೈ" ಎಂದರು; ಕಂಪನಿಯ ಸಮಯದಲ್ಲಿ ಬರೆದದ್ದು ಕಂಪನಿಯದೇ ಎಂಬುದು ಅವರ ವಾದ. "ಆಧಾ ಉಸ್ ಲಡಕೇ ಕಾ ಹೈ ಸರ್, ಮೈನೇ ಜುಬಾನ್ ದೀ ಹೈ" ಎಂದು ಮೇಡಂ ನಿಂತೇ ಹೇಳಿದರು; ಅರ್ಧ ಆ ಹುಡುಗನದು, ಅವನಿಗೆ ಮಾತು ಕೊಟ್ಟಾಗಿತ್ತು. ಹೊರಗೆ ಏನೂ ಹೋಗಕೂಡದೆಂದು ಲಿಖಿತ ಆದೇಶ ಬಂತು.

ಎರಡು ವಾರ ಅವರು ಲೋಕಲ್‌ನಲ್ಲಿ ಪಾಠ ಹೇಳಲಿಲ್ಲ. ಆಮೇಲೆ ಒಂದು ದಿನ ಊಟದ ಬಿಡುವಿನಲ್ಲಿ ಬಂದು, "ಪೋಸ್ಟಾಫೀಸಿಗೆ ಹೋಗ್ತಿದೀನಿ, ಬರ್ತೀಯಾ?" ಎಂದರು. ಕೈಯಲ್ಲಿದ್ದ ದಪ್ಪ ಲಕೋಟೆಯ ಮೇಲೆ ಜರ್ಮನಿಯ ವಿಳಾಸ ನೋಡಿ ನನಗೆ ಎಲ್ಲ ಅರ್ಥವಾಯಿತು. ಹೋದೆ. ಉರಿಬಿಸಿಲು, ಉದ್ದದ ಕ್ಯೂ. ಲಕೋಟೆಯ ಬಾಯಿಗೆ ಹಚ್ಚಿದ ಗೋಂದು ಒಣಗುವವರೆಗೆ ಅದನ್ನು ನಾನೇ ಒತ್ತಿ ಹಿಡಿದಿದ್ದೆ.

ತಿಂಗಳೊಪ್ಪತ್ತಿನಲ್ಲಿ ಡ್ರೈವರ್ ಹಂಚಿಹೋದ ಸುದ್ದಿ ಆಫೀಸಿಗೆ ಮುಟ್ಟಿತು. ವಿಚಾರಣೆಯಾಯಿತು. ನಾವು ಪೋಸ್ಟಾಫೀಸಿನಲ್ಲಿದ್ದುದನ್ನು ಯಾರೋ ನೋಡಿದ್ದರು. ನನ್ನ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ, ಗಂಡ ಕೆಲಸಕ್ಕಿದ್ದ ಬಟ್ಟೆ ಗಿರಣಿ ಮುಚ್ಚಿ ಬಹಳ ಕಾಲವಾಗಿತ್ತು. ಅಧಿಕಾರಿ ಕೇಳಿದರು, "ಆಪ್ ಸಾಥ್ ಮೇ ಥೀ ಕ್ಯಾ?" ನಾನು, ಜೊತೆಯಲ್ಲಿ ಹೋಗಿರಲಿಲ್ಲ, ಸ್ಟ್ಯಾಂಪು ತರಲು ಹೋಗಿದ್ದೆ, ಅವರು ಲಕೋಟೆ ಕೊಡುವುದನ್ನು ದೂರದಿಂದ ನೋಡಿದೆ ಎಂದೆ. ಅದನ್ನೇ ಬರೆದು ಸಹಿ ಹಾಕಿದೆ. ಆ ವಾರವೇ ಮೇಡಂ ರಾಜೀನಾಮೆ ಕೊಡಬೇಕಾಯಿತು. ಹೋಗುವ ದಿನ ನಾನು ರಜೆ ಹಾಕಿದ್ದೆ.

ಆಮೇಲೆ ಅವರ ಹೆಸರಿಗೆ ಹೆಲ್ಮುಟ್‌ನ ಪತ್ರಗಳು ಆಫೀಸಿಗೇ ಬರತೊಡಗಿದವು. "ನಿಮ್ಮ ಭಾಷೆಯವರಲ್ವಾ" ಎಂದು ಟಪಾಲು ನೋಡುವ ಡಿಸ್ಪ್ಯಾಚಿನವರು ನನ್ನ ಮೇಜಿಗೆ ತಂದಿಡುತ್ತಿದ್ದರು. ಮುಖ ತೋರಿಸಲು ಧೈರ್ಯವಾಗದೆ ಆರು ತಿಂಗಳು ಇಟ್ಟುಕೊಂಡಿದ್ದೆ. ಮೂರನೆಯದು ಬಂದಾಗ ಚೆಂಬೂರಿಗೆ ಹೋದೆ.

ಮೇಡಂ ಬಹಳ ಇಳಿದುಹೋಗಿದ್ದರು. ಕೆಮ್ಮು ಬಿಟ್ಟಿರಲಿಲ್ಲ. ಕಾಲನಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರಂತೆ. ಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಓದಿದರು. ಮೂರು ದೇಶಗಳಲ್ಲಿ ಡ್ರೈವರ್ ಓಡುತ್ತಿದೆ, ಆದರೆ ಕೆಲವು ಯಂತ್ರಗಳಲ್ಲಿ ಕಾರ್ಡು ತಾಸೆರಡು ತಾಸಿನ ಮೇಲೆ ಮೂಕವಾಗುತ್ತದೆ, ನಿಮಗೇನಾದರೂ ಹೊಳೆಯುತ್ತದೆಯೇ ಎಂದು ಹೆಲ್ಮುಟ್ ಕೇಳಿದ್ದ. ಅವರ ಬೆರಳುಗಳು ಮಡಿಲಲ್ಲೇ ಏನನ್ನೋ ಒತ್ತಿ ನೋಡುತ್ತಿದ್ದವು. ಆಮೇಲೆ ಕಾಗದ ಮಡಿಸಿದರು.

"ಕಾರ್ಡ್ ಮುಂದೆ ಇಲ್ದೇ ಹೇಗ್ ಹೇಳ್ಲೇ? ಊಹೆ ಮಾಡಿ ಬರೆಯೋಕಾಗಲ್ಲ."

ಆ ಕಾರ್ಡುಗಳು ಮ್ಯಾನೇಜರ ಕಪಾಟಿನಲ್ಲಿ ಬೀಗದೊಳಗಿದ್ದವು. ಯೋಜನೆಯೇ ನಿಂತುಹೋಗಿತ್ತು. ಕೇಳಿದ್ದರೆ ನನಗೆ ಸಿಗುತ್ತಿದ್ದವೇನೋ. ನಾನು ಕೇಳಿರಲಿಲ್ಲ.

"ಮೇಡಂ, ಅವತ್ತ ವಿಚಾರಣೆಯೊಳಗ ನಾ..." ಎಂದು ಶುರುಮಾಡಿದೆ.

"ಓದಿದೀನಿ. ನಂಗೂ ಒಂದು ಕಾಪಿ ಕೊಟ್ಟಿದ್ರು" ಎಂದರು. ಪತ್ರಗಳನ್ನು ಒಟ್ಟು ಜೋಡಿಸಿಡುತ್ತ, "ಪೋಸ್ಟ್ ಮಾಡಿದ್ದನ್ನ ನೋಡ್ದೆ ಅಂದ್ಯಲ್ಲ, ಅದು ನಿಜ, ಅದಕ್ಕೇನಿಲ್ಲ. ನಿನಗೆ ಕೆಲ್ಸ ಬೇಕಿತ್ತು. ಜೊತೇಲಿ ಹೋಗಿರ್ಲಿಲ್ಲ ಅಂತ ಬರೆದಿದ್ದೀಯ ನೋಡು, ಅದೊಂದೇ ನಂಗೆ ಬೇಜಾರಾಗಿದ್ದು. ಅವತ್ತು ನೀನು ನನ್ ಜೊತೆ ಬಾರ್ದೇ ಇದ್ದಿದ್ರೆ ನಾನು ಪೋಸ್ಟಾಫೀಸ್ ಬಾಗಿಲಿಂದಲೇ ವಾಪಸ್ ಬಂದ್ಬಿಡ್ತಿದ್ದೆ ಕಣೇ" ಎಂದರು.

ಅವರ ತಂಗಿ ಕಾಫಿ ತಂದರು. ಕುಡಿದು ಎದ್ದೆ. ಬೇಡವೆಂದರೂ ಮೇಡಂ ಬಸ್ ಸ್ಟಾಪಿನವರೆಗೆ ಬಂದರು. ಬಸ್ಸು ತಡವಾಯಿತು. ಬರುವವರೆಗೂ ಅವರು ಅಲ್ಲೇ ನಿಂತಿದ್ದರು.

ಮುಂದಿನ ಮಳೆಗಾಲದಲ್ಲಿ ಅವರ ತಂಗಿಯಿಂದ ಒಂದು ಅಂಚೆ ಕಾರ್ಡು ಬಂತು. ಶ್ವಾಸಕೋಶದ ಕಾಯಿಲೆ ಕೈಮೀರಿ ಹೋಗಿತ್ತಂತೆ. ನನಗೆ ತಲುಪುವಷ್ಟರಲ್ಲಿ ಎಲ್ಲ ಕಾರ್ಯಗಳೂ ಮುಗಿದಿದ್ದವು.

ಹೆಲ್ಮುಟ್‌ಗೆ ತಿಳಿಸುವವರು ಬೇರೆ ಯಾರೂ ಇರಲಿಲ್ಲ. ನಾನೇ ಬರೆದೆ. ಅವರು ಹೋದ ಸುದ್ದಿ ಒಂದು ಸಾಲಿನಲ್ಲಿ ಮುಗಿಯಿತು. ಅಷ್ಟಕ್ಕೇ ಮುಗಿಸಲಾಗದೆ, ನಿಮಗೆ ನನ್ನ ಪರಿಚಯವಿಲ್ಲ, ಆ ಲಕೋಟೆ ಪೋಸ್ಟ್ ಮಾಡಿದ ದಿನ ನಾನು ಅವರ ಜೊತೆಯಲ್ಲಿದ್ದೆ ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.