ಅಕ್ಕಿ ಚೀಲದ ಗೋಧಿ ತೆನೆ ಮತ್ತು ನನ್ನ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಕೊಳ್ಳುತ್ತೇನೆ ಎಂದು ನಾನು ಬಾಯಿ ಬಿಟ್ಟ ಮೇಲೆಯೇ ನಂಜನಗೂಡಿನಲ್ಲಿ ಇಷ್ಟೊಂದು ಪಂಡಿತರಿದ್ದಾರೆಂದು ತಿಳಿದದ್ದು. ಎರಡು ಸಾವಿರದ ಏಳೋ ಎಂಟೋ ಇರಬೇಕು. ಎದುರಿನ ಜೆರಾಕ್ಸ್ ಅಂಗಡಿಯವನು, ಮಹಡಿ ಮನೆಯ ಬ್ಯಾಂಕಿನವರು, ಕೊನೆಗೆ ನಮ್ಮ ಹಾಲಿನವನೂ ಒಂದೊಂದು ಕಂಪನಿಯ ಹೆಸರು ಹೇಳಿ ಹೋದರು. ಅವರಲ್ಲಿ ಯಾರೂ ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆದವರಲ್ಲ. ಎಷ್ಟು ತೆಳುವಾಗಿದೆ, ಎಷ್ಟು ಬೆಳ್ಳಗಿದೆ, ಯಾರ ಮನೆಯಲ್ಲಿ ಅಂಥದ್ದೇ ಇದೆ ಎಂದೆಲ್ಲ ಹೆಣ್ಣು ನೋಡಿ ಬಂದವರ ಹಾಗೆ ಮಾತಾಡುತ್ತಿದ್ದರು.

ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಡಿಸೈನ್ ಅಂಗಡಿ. ಮದುವೆ ಕಾರ್ಡು, ಕರಪತ್ರ ಅಂತ ಶುರುವಾದದ್ದು ಆಮೇಲೆ ನರಸೀಪುರದ ರೈಸ್ ಮಿಲ್ಲುಗಳ ಚೀಲದ ಕೆಲಸ ಹಿಡಿದುಕೊಂಡಿತು. ಅಕ್ಕಿ ಚೀಲದ ಮೇಲೆ ಗಿಳಿ, ಗಂಟೆ, ನವಿಲು ಅಚ್ಚಾಗುತ್ತವಲ್ಲ, ಅವನ್ನು ಮಾಡಿಕೊಡುವುದು ನಾನು. ಮಿಲ್ಲಿನ ಯಜಮಾನರು ನಂಜನಗೂಡಿಗೆ ಬರುವ ಜನವಲ್ಲ. ನಾನೇ ಕಾಗದದಲ್ಲಿ ಪ್ರಿಂಟ್ ತೆಗೆದುಕೊಂಡು ಬಸ್ಸು ಹತ್ತಬೇಕು. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಹಸಿರು ಒಂಚೂರು ಏರಿಸ್ರವ್ವ" ಅನ್ನುವರು. ಆ ಒಂಚೂರು ಹಸಿರಿಗಾಗಿ ನಾನು ಮತ್ತೆ ನಂಜನಗೂಡಿಗೆ ಬಂದು, ಏರಿಸಿ, ಮತ್ತೆ ಬಸ್ಸು ಹತ್ತುವುದು. ಕೆಲಸವನ್ನು ಅವರ ಕಣ್ಣೆದುರೇ ಮಾಡಿ ಮುಗಿಸುವಂಥ ಯಂತ್ರ ಬೇಕಾಗಿತ್ತು ನನಗೆ.

ಅಕ್ಕನನ್ನು ನರಸೀಪುರಕ್ಕೇ ಕೊಟ್ಟಿತ್ತು. ಭಾವ ಅಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಪಾಠವೆಂದರೆ ಬೋರ್ಡಿನ ಮೇಲೆ ಚೌಕ ಬರೆದು, ಇದು ಮೆದುಳು, ಇದು ಕೈಕಾಲು ಎಂದು ಹೇಳುವುದು. ಆ ಕಾಲೇಜಿನ ಕಂಪ್ಯೂಟರುಗಳಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹೊದಿಕೆ ತೆಗೆದದ್ದನ್ನು ಕಂಡ ವಿದ್ಯಾರ್ಥಿ ಇರಲಾರ. ಆದರೂ ನಮ್ಮ ನೆಂಟರಿಷ್ಟರಲ್ಲಿ ಫ್ರಿಜ್ಜು, ಮೊಬೈಲು, ಮಿಕ್ಸಿ ಏನು ಕೊಳ್ಳಬೇಕಾದರೂ ಭಾವನ ಒಪ್ಪಿಗೆ ಆಗಬೇಕು. ಅಕ್ಕನ ಅಡುಗೆಮನೆಯ ಮಿಕ್ಸಿಯನ್ನು ಆರಿಸಿದವರೂ ಅವರೇ. ಅದರಲ್ಲಿ ಕಾಯಿ ನುಣ್ಣಗಾಗುತ್ತಿರಲಿಲ್ಲ. ಅಕ್ಕ ತುರಿದು, ಮತ್ತೆ ಒರಳಿನಲ್ಲಿ ರುಬ್ಬುತ್ತಿದ್ದಳು. ಯಾಕೆ ಎಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಲ್ಯಾಪ್‌ಟಾಪಿನ ಸುದ್ದಿ ಭಾವನ ಕಿವಿಗೂ ಬಿತ್ತು. ಭಾನುವಾರ ಮೈಸೂರಿಗೆ ಹೋಗೋಣ, ನಾನೇ ನಿಂತು ಕೊಡಿಸುತ್ತೇನೆ ಎಂದರು. ಕೊಡಿಸುವುದೇನು ಬಂತು, ಕೊಳ್ಳುತ್ತಿದ್ದವಳು ನಾನು. ಬೇಡ ಅಂದರೆ ಅಕ್ಕನಿಗೆ ಮನೆಯಲ್ಲಿ ಮಾತು ಬರುತ್ತದೆ ಎಂದು ಒಪ್ಪಿದೆ. ಅಕ್ಕನನ್ನೂ ಕರೆದುಕೊಂಡು ಬರಲೇಬೇಕು ಎಂದು ಹಟ ಹಿಡಿದೆ.

ಅಂಗಡಿಯಲ್ಲಿ ಟೈ ಕಟ್ಟಿಕೊಂಡಿದ್ದ ಸೇಲ್ಸ್‌ಮನ್ ನೇರವಾಗಿ ಭಾವನ ಬಳಿಗೆ ಬಂದ. ಮೇಡಂಗೆ ಯಾವ ಕೆಲಸಕ್ಕೆ ಬೇಕು ಎಂದು ಅವರನ್ನು ಕೇಳಿದ. ಮಾತು ಬರುವ ಮೇಡಂ ಆದ ನಾನು ಅವರ ಮಗ್ಗುಲಲ್ಲೇ ನಿಂತಿದ್ದೆ. ಭಾವ, "ಏನೋ ಡಿಸೈನು ಗಿಸೈನು ಮಾಡ್ತಾಳೆ" ಎಂದರು. ಅಷ್ಟು ಸಾಕಾಯಿತು ಅವನಿಗೆ. ಮುಚ್ಚಳದ ಮೇಲೆ ಹೂಬಳ್ಳಿ ಇದ್ದ, ಅಪ್ಪಳದಷ್ಟು ತೆಳ್ಳಗಿನ ಒಂದು ಕೆಂಪು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಲೇಡೀಸು ಇದನ್ನೇ ಜಾಸ್ತಿ ತಗೊಂಡು ಹೋಗ್ತಾರೆ ಎಂದ. ಭಾವ ಅದರ ತೂಕ ನೋಡಿ ತಲೆದೂಗಿದರು. ತಮ್ಮ ಕಾಲೇಜಿನ ಪ್ರಿನ್ಸಿಪಾಲರದ್ದೂ ಇದೇ ಕಂಪನಿ ಎಂದರು. ಇಬ್ಬರೂ ಸೇರಿ ನನ್ನ ಲ್ಯಾಪ್‌ಟಾಪನ್ನು ನಿಶ್ಚಯ ಮಾಡಿಯೇ ಬಿಟ್ಟರು.

ನಾನು ಪೆನ್ ಡ್ರೈವ್ ತೆಗೆದು, ಇದರಲ್ಲಿರುವ ಫೈಲು ತೆರೆದು ತೋರಿಸಿ ಅಂದೆ. ಸೇಲ್ಸ್‌ಮನ್ ಮುಖ ಹುಳ್ಳಗೆ ಮಾಡಿಕೊಂಡ. ಹಾಗೆಲ್ಲ ತೆರೆಯುವುದಿಲ್ಲ, ವೈರಸ್ ಬರುತ್ತದೆ ಎಂದ. ಹಾಗಾದರೆ ಪಕ್ಕದ ಅಂಗಡಿಗೆ ಹೋಗುತ್ತೇವೆ ಎಂದದ್ದಕ್ಕೆ ಒಳಗಿನಿಂದ ಒಬ್ಬರು ಬಂದು ಬೇಕಾದ ಸಾಫ್ಟ್‌ವೇರ್ ಹಾಕಿಕೊಟ್ಟರು. ಫೈಲಿನಲ್ಲಿದ್ದದ್ದು ನಿಜವಾದ ಅಳತೆಯ ಗಿಳಿ ಮಾರ್ಕಿನ ಅಕ್ಕಿ ಚೀಲ. ಕೆಂಪು ಲ್ಯಾಪ್‌ಟಾಪು ಮೊದಲು ಬಾಲ ತೋರಿಸಿತು. ತುಂಬ ಹೊತ್ತಾದ ಮೇಲೆ ಒಂದು ರೆಕ್ಕೆ ಬಂತು. ಕೊಕ್ಕು ಬರುವುದರೊಳಗೆ ಫ್ಯಾನು ಹೊಯ್ಯೋ ಅನ್ನತೊಡಗಿ ಎಲ್ಲವೂ ನಿಂತುಹೋಯಿತು. ಮತ್ತೆ ಆನ್ ಮಾಡಿ ಹೇಗೋ ಇಡೀ ಗಿಳಿಯನ್ನು ತಂದದ್ದಾಯಿತು. ಪರದೆಯನ್ನು ಒಂಚೂರು ಹಿಂದಕ್ಕೆ ಬಗ್ಗಿಸಿದರೆ ಗಿಳಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಮುಂದಕ್ಕೆ ತಂದರೆ ಕಪ್ಪಾಗುತ್ತಿತ್ತು. ಮೇಲಾಗಿ ಕನ್ನಡಿಯಂಥ ಹೊಳಪು. ಭಾವ ಆ ಹೊಳಪನ್ನೇ ಹೊಗಳುತ್ತಾ ಬಗ್ಗಿ ನೋಡುತ್ತಿದ್ದರು.

ಅಷ್ಟು ಹೊತ್ತೂ ಸುಮ್ಮನಿದ್ದ ಅಕ್ಕ, "ಗಿಳಿ ಎಲ್ ಕಾಣ್ತದೆ? ನಿಮ್ಮ ಮುಖಾನೇ ಕಾಣ್ತದಲ್ಲ ರೀ" ಎಂದಳು.

ತಮಾಷೆಗೆ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಭಾವ ಫೋನು ಬಂತು ಎಂದು ಹೊರಗೆ ಹೋದರು. ಫೋನೇನೂ ಬಂದಿರಲಿಲ್ಲ.

ಅವರು ಹೊರಗಿದ್ದಾಗಲೇ ನಾನು ಮೂಲೆಯಲ್ಲಿದ್ದ ದಪ್ಪ ಕಪ್ಪು ಯಂತ್ರವನ್ನು ತರಿಸಿದೆ. ಹೊಳಪಿಲ್ಲದ ಪರದೆ, ಚಿತ್ರದ ಕೆಲಸಕ್ಕೆಂದೇ ಬೇರೆ ಗ್ರಾಫಿಕ್ಸ್ ಕಾರ್ಡು, ಕೆಂಪಿನದಕ್ಕಿಂತ ಎರಡರಷ್ಟು ಮೆಮೊರಿ. ಗಿಳಿ ಒಂದೇ ಸಲಕ್ಕೆ ಬಂದು ಕೂತಿತು. ಯಾವ ಕಡೆಯಿಂದ ನೋಡಿದರೂ ಅದೇ ಹಸಿರು. ನಾನು ಹಸಿರನ್ನು ಏರಿಸಿದೆ, ಇಳಿಸಿದೆ, ಗಿಳಿಯನ್ನು ಚೀಲದ ತುಂಬ ದೊಡ್ಡದು ಮಾಡಿದೆ. ಯಂತ್ರ ಉಸಿರೆತ್ತಲಿಲ್ಲ. ಒಳಗೆ ಬಂದ ಭಾವ ಅದನ್ನು ಎತ್ತಿ ನೋಡಿ, ಇದೇನು ರುಬ್ಬುಗುಂಡು, ನಾಲ್ಕು ಜನರೆದುರು ತೆಗೆಯುವುದಕ್ಕೂ ನಾಚಿಕೆಯಾಗುತ್ತೆ ಎಂದರು. ನಾಲ್ಕು ಜನರೆದುರು ತೆಗೆದು ಸುಮ್ಮನೆ ಇಟ್ಟುಕೊಳ್ಳುವವರಿಗೆ ಆ ಚಿಂತೆ ಇರಬಹುದು. ನಾನು ಬಿಲ್ ಮಾಡಿ ಎಂದೆ.

ಸೇಲ್ಸ್‌ಮನ್‌ಗೆ ಇನ್ನೂ ಆಸೆ. ಹೊರಗಿನಿಂದ ಸಿಕ್ಕಿಸುವ ಕ್ಯಾಮೆರಾ, ಕೀಬೋರ್ಡಿಗೆ ಹಾಸುವ ಬಣ್ಣದ ರಬ್ಬರು, ಮಿಣಮಿಣ ದೀಪದ ಸ್ಪೀಕರು ಎಲ್ಲವನ್ನೂ ತಂದು ಗುಡ್ಡೆ ಹಾಕಿದ. ಕೈತುಂಬ ಹಿಡಿಯುವ ಮೌಸು ಒಂದನ್ನು ಕೇಳಿದರೆ, ಬೆರಳು ಗಾತ್ರದ ಗುಲಾಬಿ ಮೌಸು ಕೊಟ್ಟ. ದಿನವಿಡೀ ಗಿಳಿಯ ಗರಿ ಕತ್ತರಿಸುವವಳಿಗೆ ಅದು ಯಾವ ಸುಖಕ್ಕೆ? ದೊಡ್ಡದನ್ನೇ ತೆಗೆದುಕೊಂಡೆ. ಮಿಲ್ಲಿನ ತೌಡಿನ ದೂಳಿಗೂ ಸೆಕೆಗೂ ಬೇಕೆಂದು ಕೆಳಗೆ ಫ್ಯಾನಿರುವ ಸ್ಟ್ಯಾಂಡು ತೆಗೆದುಕೊಂಡೆ. ಬ್ಯಾಟರಿ ಬೆಳಗಿನಿಂದ ಸಂಜೆವರೆಗೆ ಬರುತ್ತದೆ ಎಂದು ಅವನು ಆಣೆ ಇಟ್ಟ. ಮೈಸೂರಿನಿಂದ ನಂಜನಗೂಡು ಮುಟ್ಟುವವರೆಗೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನೊಂದು ಬ್ಯಾಟರಿ ಹಾಕಿಸಿದೆ.

ಅಷ್ಟರಲ್ಲಿ ಅಕ್ಕ ಮೇಜಿನ ಮೇಲೆ ತೋರಿಸಲೆಂದು ಇಟ್ಟಿದ್ದ ಪೆನ್ ಟ್ಯಾಬ್ಲೆಟ್ಟಿನ ಮುಂದೆ ನಿಂತಿದ್ದಳು. ಸ್ಲೇಟಿನಂಥ ಹಲಗೆ, ಅದರ ಮೇಲೆ ಪೆನ್ನಾಡಿಸಿದರೆ ಎದುರಿನ ಪರದೆಯಲ್ಲಿ ಗೆರೆ ಬೀಳುತ್ತದೆ. ಹೊಸಬರಿಗೆ ಕೈ ಒಂದು ಕಡೆ, ಕಣ್ಣು ಒಂದು ಕಡೆ ಆಗಿ ಗೆರೆ ಸೊಟ್ಟಗಾಗುವುದೇ ಹೆಚ್ಚು. ಅಕ್ಕ ಎರಡು ಗೆರೆ ಸೊಟ್ಟಗೆ ಎಳೆದು ಮೂರನೆಯದಕ್ಕೆ ಬಳ್ಳಿ ಎಳೆದುಬಿಟ್ಟಳು. ಶಾಲೆಯಲ್ಲಿದ್ದಾಗ ಚಿತ್ರ ಬರೆಯುತ್ತಿದ್ದವಳು, ಮದುವೆಯಾದ ಮೇಲೆ ಅದರ ಮಾತೇ ಇರಲಿಲ್ಲ. ಭಾವ, "ಬುಡು, ಒಡ್ದುಗಿಡ್ದು ಹಾಕೀಯ" ಎಂದರು. ಅವಳು ಪೆನ್ನನ್ನು ಕೆಳಗಿಟ್ಟಳು. ನನಗೆ ಅದು ಬೇಕಾಗಿರಲಿಲ್ಲ, ಮೌಸಿನಲ್ಲೇ ನನ್ನ ಕೆಲಸ ಸಾಗುತ್ತಿತ್ತು. ಅದನ್ನೂ ಬಿಲ್ಲಿಗೆ ಸೇರಿಸಿ ಎಂದೆ.

ಟ್ಯಾಬ್ಲೆಟ್ಟನ್ನು ಅಕ್ಕನ ಮನೆಯಲ್ಲೇ ಬಿಟ್ಟೆ. ಕಾಲೇಜಿನವರು ಮಾರಿದ್ದ ಹಳೆಯ ಕಂಪ್ಯೂಟರೊಂದು ಅಲ್ಲಿತ್ತು. ಅದಕ್ಕೂ ಹೊದಿಕೆ ಹಾಕಿಯೇ ಇತ್ತು. ನಾನು ಮಿಲ್ಲಿಗೆ ಹೋದಾಗಲೆಲ್ಲ ಅಲ್ಲಿಗೂ ಹೋಗಿ ಒಂದೊಂದು ಹೇಳಿಕೊಟ್ಟು ಬರುತ್ತಿದ್ದೆ. ಭಾವ ಕಾಲೇಜಿಗೆ ಹೋದ ಮೇಲೆ ಅವಳು ಕೂರುತ್ತಿದ್ದಳು.

ಆಗ ನನ್ನನ್ನು ಕಾಡುತ್ತಿದ್ದದ್ದು ಇನ್ನೊಂದು ಸಂಗತಿ. ನರಸೀಪುರದ ಅಕ್ಕಿ ಚೀಲಗಳ ಮೇಲೆಲ್ಲ ಗಿಳಿಯ ಸುತ್ತ, ಗಂಟೆಯ ಸುತ್ತ ಇರುತ್ತಿದ್ದದ್ದು ಗೋಧಿ ತೆನೆ. ಎಲ್ಲಿಯದೋ ಸಿ.ಡಿ.ಯಲ್ಲಿ ಬಂದ ಚಿತ್ರವನ್ನು ನಾನು ಈ ಕೆಲಸಕ್ಕೆ ಬರುವ ಮೊದಲೇ ಒಬ್ಬ ಹಾಕಿದ, ಉಳಿದವರು ಅದನ್ನೇ ಎತ್ತಿದರು. ಸುತ್ತ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ, ಮಿಲ್ಲಿನೊಳಗೆ ಭತ್ತದ ರಾಶಿ, ಚೀಲದ ಮೇಲೆ ನೆಟ್ಟಗೆ ನಿಂತ ಗೋಧಿ. ಹುಟ್ಟಿದಂದಿನಿಂದ ಭತ್ತ ಮುಟ್ಟಿದ ಜನಕ್ಕೆ ಅದು ಕಾಣಲೇ ಇಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನಿಗೆ ಹೇಳಿದೆ. ಅವಳು ಭತ್ತದ ತೆನೆ ಬರೆದುಕೊಟ್ಟಳು. ಕಾಳಿನ ಭಾರಕ್ಕೆ ಬಾಗಿದ್ದು, ಒಂದು ಗರಿ ಮಡಿಸಿಕೊಂಡದ್ದು.

ಲ್ಯಾಪ್‌ಟಾಪು ಹೊತ್ತು ಮಿಲ್ಲಿಗೆ ಹೋದೆ. ಯಜಮಾನರು ಹಣೆಗೆ ವಿಭೂತಿ ಹಚ್ಚಿ, ಬಿಳಿ ಬಟ್ಟೆ ತೊಟ್ಟು ಗಾದಿಯ ಮೇಲೆ ಕೂತಿದ್ದರು. ಕರೆಂಟ್ ಹೋಯಿತು, ನನ್ನ ಕೆಲಸ ನಿಲ್ಲಲಿಲ್ಲ. ಅದನ್ನು ಕಂಡು ಅವರಿಗೆ ಯಂತ್ರದ ಮೇಲೆ ಗೌರವ ಬಂತು, ನನ್ನ ಮೇಲಲ್ಲ. ಹಸಿರು ಅವರೆದುರೇ ಸರಿಹೋಯಿತು. ಆಮೇಲೆ ತೆನೆ ತೋರಿಸಿದೆ.

"ಇದ್ಯಾಕವ್ವ ಬಗ್ಗೋಗದೆ? ಮೊದ್ಲಿಂದು ನೆಟ್ಟಗಿತ್ತಲ್ಲ."

ಮೊದಲಿನದು ಗೋಧಿ ಎಂದು ಹೇಳಿದೆ. ಅವರು ಗೋಡೆಗೆ ಒರಗಿಸಿದ್ದ ಚೀಲಗಳ ಕಡೆ ನೋಡಿದರು. ಆಮೇಲೆ, ಗೋಧಿಯಾದರೇನು, ಚೆನ್ನಾಗಿ ಕಾಣುತ್ತದಲ್ಲ, ಎಲ್ಲರದ್ದೂ ಹಾಗೇ ಇದೆ ಎಂದರು. ಇಂಥವರ ಹತ್ತಿರ ನಿಜ ಹೇಳಿ ಪ್ರಯೋಜನವಿಲ್ಲ ಎಂದು ನನಗೆ ಅರ್ಥವಾಯಿತು. ಲ್ಯಾಪ್‌ಟಾಪು ಮುಚ್ಚುತ್ತಾ, ಸರಿ ಬಿಡಿ, ಇದನ್ನು ಸೇತುವೆ ಹತ್ತಿರದ ಮಿಲ್ಲಿನವರಿಗೆ ತೋರಿಸುತ್ತೇನೆ ಎಂದೆ.

"ತಡೀರವ್ವ. ಇಡೀ ಊರ್ಗೆ ನಂದೊಂದೇ ಭತ್ತ ಆಯ್ತದಾ?"

"ನಿಮ್ಮದೊಂದೇ."

"ಆಕಿ ಅಂಗಾರೆ. ಚಿನ್ನದಂಗೆ ಒಳೀಬೇಕು, ನೋಡಿ."

ಭತ್ತ ಅನ್ನುವ ಕಾರಣಕ್ಕೆ ಒಪ್ಪಿದ್ದಲ್ಲ. ಸೇತುವೆ ಹತ್ತಿರದ ಮಿಲ್ಲಿನವನ ಬಳಿ ಇಲ್ಲ ಅನ್ನುವುದಕ್ಕೆ ಒಪ್ಪಿದ್ದು. ಒಂದು ಬೆಳೆ ಬರುವುದರೊಳಗೆ ಉಳಿದ ಮಿಲ್ಲಿನವರೂ ಗೋಧಿ ಕಿತ್ತು ಭತ್ತ ಹಾಕಿಸಿಕೊಂಡರು. ಪ್ರತಿಯೊಬ್ಬರಿಗೂ ಬೇರೆ ಬೇರೆ ತೆನೆ ಬೇಕು, ಪಕ್ಕದವನದಕ್ಕಿಂತ ಒಂದು ಕಾಳು ಹೆಚ್ಚಿರಬೇಕು. ಬರೆದದ್ದೆಲ್ಲ ಅಕ್ಕ. ಬಂದದ್ದರಲ್ಲಿ ಅವಳ ಪಾಲನ್ನು ಅವಳ ಕೈಗೇ ಕೊಡುತ್ತಿದ್ದೆ. ಭಾವ ಮಾತ್ರ ನೆಂಟರ ಮದುವೆ, ನಾಮಕರಣಗಳಲ್ಲಿ, ಆ ಲ್ಯಾಪ್‌ಟಾಪು, ಪೆನ್ನು ಎಲ್ಲ ತಾವೇ ಆರಿಸಿ ಕೊಡಿಸಿದ್ದು ಎಂದು ಹೇಳಿಕೊಂಡು ಓಡಾಡಿದರು. ಅಕ್ಕ ಎಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಕೆಲಸ ಹೆಚ್ಚಾಗಿ ಹಳೆಯ ಕಂಪ್ಯೂಟರು ಸಾಲದಾದಾಗ ಅಕ್ಕನಿಗೇ ಒಂದು ಬೇಕಾಯಿತು. ಭಾವ ಮೈಸೂರಿನಿಂದ ಬಣ್ಣಬಣ್ಣದ ಜಾಹೀರಾತು ಕಾಗದಗಳನ್ನು ತಂದು ಹರಡಿದರು. ಅವರು ಕೆಡಿಸುವುದರೊಳಗೆ ನಾನೇ ಹೋಗಬೇಕೆಂದು ನಾನೂ ಓಡಿದೆ. ಲ್ಯಾಪ್‌ಟಾಪೇ ತಗೋ, ನನ್ನಂಥದ್ದೇ ತಗೋ, ಇಂಥ ಪರದೆ ಇರಲಿ, ಇಂಥ ಅಂಗಡಿಗೆ ಹೋಗು ಎಂದು ಒಂದೇ ಸಮನೆ ಹೇಳುತ್ತಾ ಕೂತೆ. ಅಕ್ಕ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿ, "ನೀನೂ ಸುಮ್ಕಿರು" ಎಂದಳು.

ಮರುದಿನ ಒಬ್ಬಳೇ ಮೈಸೂರಿಗೆ ಹೋದಳಂತೆ. ತಂದದ್ದು ಲ್ಯಾಪ್‌ಟಾಪಲ್ಲ, ಮೇಜಿನ ಮೇಲಿಡುವ ಕಂಪ್ಯೂಟರು, ದೊಡ್ಡ ಪರದೆಯದು. ತಾನು ಎಲ್ಲಿಗೂ ಹೊತ್ತುಕೊಂಡು ಹೋಗಬೇಕಾಗಿಲ್ಲವಲ್ಲ, ಆ ದುಡ್ಡಿಗೆ ದೊಡ್ಡದೇ ಬಂತು ಎಂದಳು. ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಮಾತ್ರ ಒಂದೆರಡು ದಿನ ಅವಳ ಮೇಲೆ ಸಿಟ್ಟಿತ್ತು.